ತಂತಿ ಕಡಿದರೂ ನಿಲ್ಲದ ಕೆಲಸ

ಪಡಿತರ ಅಂಗಡಿಯ ಸಾಲಿನಲ್ಲಿ ನಿಂತವರಿಗೆ, ಪಹಣಿಗಾಗಿ ನಾಡಕಚೇರಿಗೆ ಅಲೆದವರಿಗೆ ಒಂದು ಮಾತು ಚಿರಪರಿಚಿತ: ‘ಸರ್ವರ್ ಇಲ್ಲ, ನಾಳೆ ಬನ್ನಿ’. ಒಂದು ಕಾಲಕ್ಕೆ ಕನ್ನಡದಲ್ಲಿ ಸರ್ವರ್ ಎಂದರೆ ಹೋಟೆಲಿನಲ್ಲಿ ಇಡ್ಲಿ-ವಡೆ ತಂದಿಡುವವನು ಎಂದಷ್ಟೇ ಅರ್ಥವಿತ್ತು. ಈಗ ಆ ಹೆಸರು ಎಲ್ಲೋ ದೂರದ ತಂಪು ಕೋಣೆಯಲ್ಲಿ ಹಗಲಿರುಳೂ ನಡೆಯುವ ಕಂಪ್ಯೂಟರಿಗೆ ಅಂಟಿಕೊಂಡಿದೆ. ಕೇಳಿದ್ದನ್ನು ತಂದುಕೊಡುವುದೇ ಇಬ್ಬರ ಕೆಲಸವೂ ಆದ್ದರಿಂದ ಹೆಸರು ತಪ್ಪೇನಲ್ಲ.

ಆದರೆ ಈ ಸರ್ವರ್ ಮುಷ್ಕರ ಹೂಡಿದಾಗ ಅದನ್ನು ದಾರಿಗೆ ತರುವವರು ಯಾರು, ಹೇಗೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಆ ಯಂತ್ರದ ಬಳಿಗೆ ಹೋಗುವುದೇ ಅಪರೂಪ. ಈಚೆಗೆ ಬೆಂಗಳೂರಿನಲ್ಲಿ ಇಂಥ ಕೆಲಸ ಮಾಡುವ ಯುವಕರೊಬ್ಬರ ಪಕ್ಕದಲ್ಲಿ ಒಂದು ರಾತ್ರಿ ಕುಳಿತು ನೋಡುವ ಅವಕಾಶ ಸಿಕ್ಕಿತ್ತು. ಅವರ ಎದುರಿಗೆ ಕಪ್ಪು ಪರದೆ. ಚಿತ್ರವಿಲ್ಲ, ಬಣ್ಣದ ಗುಂಡಿಗಳಿಲ್ಲ, ಬರೀ ಅಕ್ಷರ. ಆ ಪರದೆಯನ್ನು ತೆಳುವಾದ ಗೆರೆಗಳು ನಾಲ್ಕು ಚೌಕಗಳನ್ನಾಗಿ ಸೀಳಿದ್ದವು. ಒಂದೊಂದು ಚೌಕದಲ್ಲಿ ಒಂದೊಂದು ಊರಿನ ಸರ್ವರ್. ಮೇಲಿನ ಎಡಗಡೆಯ ಚೌಕದಲ್ಲಿ ಭಾರಿ ಗಾತ್ರದ ಮಾಹಿತಿಯ ನಕಲು ನಡೆಯುತ್ತಿತ್ತು, ಕೆಳಗಿನದರಲ್ಲಿ ದೋಷಗಳ ದಿನಚರಿ ಸಾಲುಸಾಲಾಗಿ ಓಡುತ್ತಿತ್ತು. ನಾಲ್ಕರಲ್ಲಿ ಒಂದಕ್ಕೆ ಮಾತ್ರ ಕೆಂಪು ಬಣ್ಣದ ತಲೆಬರಹ. ಅಷ್ಟರಲ್ಲಿ ಕರೆಂಟು ಹೋಯಿತು, ಅದರೊಡನೆ ಇಂಟರ್‌ನೆಟ್ಟೂ ಹೋಯಿತು. ನಕಲು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ‘ಅಯ್ಯೋ, ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ’ ಎಂದೆ. ‘ಹೋಗ್ಲಿ ಬಿಡಿ, ಕೆಲಸ ನಡೀತಿರೋದು ಇಲ್ಲಲ್ಲ’ ಎಂದು ಅವರು ನಕ್ಕರು. ಇಬ್ಬರೂ ಕೆಳಗಿಳಿದು ಚಹಾ ಕುಡಿದು ಬಂದೆವು. ಕರೆಂಟು ಬಂದ ಮೇಲೆ ಅವರು ಒಂದೇ ಸಾಲು ಟೈಪು ಮಾಡಿದರು. ನಾಲ್ಕೂ ಚೌಕಗಳು ಇದ್ದಂತೆಯೇ ಎದ್ದುಬಂದವು. ನಕಲು ಮುಗಿಯುತ್ತ ಬಂದಿತ್ತು.

ನೋಡಿದವರಿಗೆ ಇದು ಚಿಕ್ಕ ಸಂಗತಿಯೆನಿಸಬಹುದು. ಆದರೆ ಕೆಲಸ ಮಾಡುವವನು ಒಂದು ಕಡೆ, ಯಂತ್ರ ಇನ್ನೊಂದು ಕಡೆ, ನಡುವೆ ಯಾವಾಗ ಬೇಕಾದರೂ ಕಡಿಯಬಹುದಾದ ತಂತಿ ಎಂಬ ತೊಂದರೆಗೆ ಇಷ್ಟು ಸಲೀಸಾದ ಪರಿಹಾರ ಒದಗಲು ದಶಕಗಳೇ ಬೇಕಾದವು.

ಟೆಲಿಪ್ರಿಂಟರಿನ ಸಂತಾನ

ದೂರದಿಂದ ಲೆಕ್ಕದ ಯಂತ್ರವೊಂದನ್ನು ನಡೆಸಿದ ಮೊದಲ ಪ್ರಯೋಗ ಈಗಿನ ಅರ್ಥದ ಕಂಪ್ಯೂಟರು ಹುಟ್ಟುವುದಕ್ಕಿಂತ ಹಿಂದಿನದು. ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಜಾರ್ಜ್ ಸ್ಟಿಬಿಟ್ಜ್ ದೂರವಾಣಿ ವಿನಿಮಯ ಕೇಂದ್ರದ ರಿಲೇಗಳನ್ನು ಜೋಡಿಸಿ ಲೆಕ್ಕ ಮಾಡುವ ಯಂತ್ರವೊಂದನ್ನು ಕಟ್ಟಿಸಿದ್ದರು. ಅದು ಇದ್ದದ್ದು ನ್ಯೂಯಾರ್ಕಿನಲ್ಲಿ. 1940ರ ಸೆಪ್ಟೆಂಬರ್ 11ರಂದು ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ನಡೆದಿತ್ತು. ಯಂತ್ರವನ್ನು ಅಲ್ಲಿಗೆ ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಸ್ಟಿಬಿಟ್ಜ್ ಒಂದು ಟೆಲಿಪ್ರಿಂಟರನ್ನು ಮಾತ್ರ ಒಯ್ದು ತಂತಿಯ ಮೂಲಕ ಯಂತ್ರಕ್ಕೆ ಜೋಡಿಸಿದರು. ಸಭಿಕರು ಒಂದು ಲೆಕ್ಕ ಟೈಪು ಮಾಡಿದರೆ, ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಒಂದು ನಿಮಿಷದೊಳಗೆ ಉತ್ತರ ಮುದ್ರಣಗೊಂಡು ಬರುತ್ತಿತ್ತು. ಸಭೆಯಲ್ಲಿದ್ದವರಲ್ಲಿ ಜಾನ್ ಫಾನ್ ನಾಯ್ಮನ್ ಮತ್ತು ನಾರ್ಬರ್ಟ್ ವೀನರ್ ಕೂಡ ಇದ್ದರು.

ಟೆಲಿಪ್ರಿಂಟರೆಂದರೆ ಪತ್ರಿಕಾ ಕಚೇರಿಯ ಹಿರಿಯರ ಕಿವಿ ಈಗಲೂ ನಿಮಿರುತ್ತದೆ. ಸುದ್ದಿಸಂಸ್ಥೆಗಳ ವರದಿಗಳನ್ನು ಕಟಕಟನೆ ಹೊಡೆದು ಉದ್ದನೆಯ ಕಾಗದದ ಸುರುಳಿಯಾಗಿ ಹೊರಗೆ ಚೆಲ್ಲುತ್ತಿದ್ದ ಯಂತ್ರವದು. ನಮ್ಮ ದೇಶದಲ್ಲಿ ಇದನ್ನು ತಯಾರಿಸಲೆಂದೇ 1960ರಲ್ಲಿ ಮದ್ರಾಸಿನಲ್ಲಿ ಹಿಂದೂಸ್ಥಾನ್ ಟೆಲಿಪ್ರಿಂಟರ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಗಿತ್ತು. ನನ್ನ ಪೀಳಿಗೆಯ ವರದಿಗಾರರು ಅದನ್ನು ಚಿತ್ರದಲ್ಲಷ್ಟೇ ಕಂಡವರು. ಆದರೆ ಸುದ್ದಿಮನೆಯಿಂದ ಮರೆಯಾದ ಈ ಯಂತ್ರ ಕಂಪ್ಯೂಟರಿನೊಳಗೆ ಹೆಸರಾಗಿ ಉಳಿದಿದೆ. ಯೂನಿಕ್ಸ್ ಹಾಗೂ ಲಿನಕ್ಸ್ ವ್ಯವಸ್ಥೆಗಳಲ್ಲಿ ಅಕ್ಷರದ ಪರದೆಗೆ ಇಂದಿಗೂ ‘ಟಿಟಿವೈ’ ಎಂದೇ ಕರೆಯುತ್ತಾರೆ. ಟೆಲಿಟೈಪ್ ಎಂಬುದರ ಹ್ರಸ್ವರೂಪವದು.

ಎರಡನೇ ಮಹಾಯುದ್ಧದ ನಂತರ ಬಂದ ಕಂಪ್ಯೂಟರುಗಳು ಬಹಳ ದುಬಾರಿ. ಬಳಸುವವರು ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕಿತ್ತು. ಉತ್ತರ ಸಂಜೆಗೋ ಮರುದಿನಕ್ಕೋ ಸಿಗುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಅದೇ ಸಾಲು. ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ತೋರಿಸಿದ ವ್ಯವಸ್ಥೆ ಈ ಕ್ರಮವನ್ನು ಬದಲಿಸಿತು. ಯಂತ್ರ ತನ್ನ ಸಮಯವನ್ನು ಚೂರು ಚೂರಾಗಿ ಹಂಚಿ, ಕ್ಷಣಕಾಲ ಒಬ್ಬರ ಕೆಲಸ, ಮರುಕ್ಷಣ ಇನ್ನೊಬ್ಬರ ಕೆಲಸ ಮಾಡುತ್ತಿತ್ತು. ಟೆಲಿಟೈಪಿನ ಮುಂದೆ ಕುಳಿತ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನಗೇ ಮೀಸಲೆಂಬ ಭ್ರಮೆ. ಒಬ್ಬನೇ ವೈದ್ಯ ವಾರ್ಡಿನ ಎಲ್ಲ ಹಾಸಿಗೆಗಳ ಬಳಿಗೂ ಸುತ್ತು ಹಾಕಿದ ಹಾಗೆ. ಯಂತ್ರ ಇನ್ನೊಂದು ಕೋಣೆಯಲ್ಲಿದ್ದರೇನು, ಇನ್ನೊಂದು ಊರಿನಲ್ಲಿದ್ದರೇನು? ಟೆಲಿಫೋನ್ ತಂತಿ ಮುಟ್ಟಿದಲ್ಲೆಲ್ಲ ಅದನ್ನು ಬಳಸಬಹುದಾಯಿತು.

ತಂತಿಯನ್ನು ನಂಬಿದವರ ಪಾಡು ಏನೆಂಬುದಕ್ಕೆ 1969ರ ಅಕ್ಟೋಬರ್ 29ರ ರಾತ್ರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಮುಂದೆ ಇಂಟರ್‌ನೆಟ್ ಆಗಿ ಬೆಳೆದ ಅರ್ಪಾನೆಟ್ ಜಾಲದ ಮೊದಲ ಸಂದೇಶ ಹೋದದ್ದು ಅಂದು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಮೆನ್ಲೊ ಪಾರ್ಕಿನ ಸಂಶೋಧನಾ ಸಂಸ್ಥೆಯ ಕಂಪ್ಯೂಟರನ್ನು ದೂರದಿಂದ ಪ್ರವೇಶಿಸಲು ‘ಲಾಗಿನ್’ ಎಂದು ಟೈಪು ಮಾಡತೊಡಗಿದ. ಎಲ್ ಹೋಯಿತು, ಓ ಹೋಯಿತು, ಆಚೆಯ ಯಂತ್ರ ಕುಸಿದುಬಿತ್ತು. ಸುಮಾರು ಒಂದು ಗಂಟೆಯ ನಂತರ ಸರಿಪಡಿಸಿ ಮತ್ತೆ ಪ್ರವೇಶಿಸಿದರು. ಅಂದರೆ ಇಂಟರ್‌ನೆಟ್ ಹುಟ್ಟಿದ್ದು ಇ-ಮೇಲಿಗಲ್ಲ, ಚಿತ್ರ ನೋಡಲಿಕ್ಕೂ ಅಲ್ಲ. ದೂರದ ಯಂತ್ರವೊಂದರಲ್ಲಿ ಕುಳಿತು ಕೆಲಸ ಮಾಡುವ ಪ್ರಯತ್ನವೇ ಅದರ ಮೊದಲ ಉಸಿರು. ಆ ಪ್ರಯತ್ನ ಮೊದಲ ಸಲವೇ ನಡುವಿನಲ್ಲಿ ಮುರಿದುಬಿತ್ತು.

ಅದೇ ವರ್ಷ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಹಾಗೂ ಡೆನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಅವರು ಬಳಸುತ್ತಿದ್ದ ಟೆಲಿಟೈಪ್ ಸೆಕೆಂಡಿಗೆ ಹತ್ತೇ ಅಕ್ಷರ ಹೊಡೆಯುತ್ತಿತ್ತು. ಈಗಿನ ಒಂದು ಸಾಧಾರಣ ಪರದೆಯಷ್ಟು ಅಕ್ಷರ ಮುದ್ರಿಸಲು ಮೂರು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಕಡತಗಳ ಪಟ್ಟಿಗೆ ‘ಎಲ್‌ಎಸ್’, ನಕಲಿಗೆ ‘ಸಿಪಿ’, ಅಳಿಸಲು ‘ಆರ್‌ಎಂ’ ಎಂಬ ಎರಡಕ್ಷರದ ಆಜ್ಞೆಗಳು ಬಂದಿದ್ದರಲ್ಲಿ ಈ ನಿಧಾನದ ಕೈವಾಡವೂ ಇದೆ. ‘ಆರ್‌ಎಂ’ ಎಂಬ ಈ ಪುಟ್ಟ ಆಜ್ಞೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಯೂನಿಕ್ಸಿನಲ್ಲಿ ಇನ್ನೊಂದು ನಿಯಮವಿತ್ತು. ಬಳಕೆದಾರ ಟೆಲಿಫೋನ್ ಮೂಲಕ ಸಂಪರ್ಕದಲ್ಲಿದ್ದು, ಫೋನ್ ಕೆಳಗಿಟ್ಟರೆ ಅವನು ಆರಂಭಿಸಿದ ಕೆಲಸಗಳಿಗೆಲ್ಲ ‘ಹ್ಯಾಂಗಪ್’ ಎಂಬ ಸಂಜ್ಞೆ ಹೋಗುತ್ತಿತ್ತು. ಅದು ಬಂದೊಡನೆ ಕೆಲಸಗಳು ಪ್ರಾಣ ಬಿಡುತ್ತಿದ್ದವು. ಇದರಲ್ಲಿ ತರ್ಕವಿಲ್ಲದಿಲ್ಲ. ಯಜಮಾನನೇ ಎದ್ದುಹೋದ ಮೇಲೆ ಒಲೆ ಉರಿಯುತ್ತಿರಬಾರದಲ್ಲ? ಆದರೆ ಯಜಮಾನ ಬೇಕೆಂದೇ ಎದ್ದುಹೋದನೋ, ಗಾಳಿಮಳೆಗೆ ತಂತಿ ಕಡಿಯಿತೋ ಎಂಬುದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಸಂಜ್ಞೆಗಳ ಪಟ್ಟಿಯಲ್ಲಿ ಇಂದಿಗೂ ಈ ಹ್ಯಾಂಗಪ್ಪಿನದು ಒಂದನೇ ಸಂಖ್ಯೆ. ಇದನ್ನು ತಪ್ಪಿಸಲು ‘ನೋಹಪ್’ ಎಂಬ ಆಜ್ಞೆ ಬಂತು. ಅದನ್ನು ಮೊದಲೇ ಸೇರಿಸಿದ್ದರೆ ಕೆಲಸ ನಿಲ್ಲುತ್ತಿರಲಿಲ್ಲ ನಿಜ. ಆದರೆ ಮತ್ತೆ ಬಂದು ಅದರೊಡನೆ ಮಾತಾಡುವ ಹಾಗಿರಲಿಲ್ಲ. ಅದು ಕೊನೆಗೆ ಬರೆದಿಟ್ಟ ಕಡತವನ್ನು ಓದಬಹುದಿತ್ತು, ಅಷ್ಟೆ.

ಒಂದೇ ಪರದೆ, ಹಲವು ಚೌಕ

ಪರದೆಯನ್ನು ಸೀಳಿ ಒಂದೇ ಕಾಲಕ್ಕೆ ಎರಡು ವಿಷಯ ನೋಡಬಹುದೆಂದು ಜನರ ಮುಂದೆ ತೋರಿಸಿದವರು ಡಗ್ಲಸ್ ಎಂಗೆಲ್‌ಬಾರ್ಟ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೊಂಬತ್ತು ನಿಮಿಷದ ಪ್ರದರ್ಶನವೊಂದನ್ನು ಅವರು ನೀಡಿದರು. ಕಂಪ್ಯೂಟರು ಸುಮಾರು ಐವತ್ತು ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನಲ್ಲಿತ್ತು. ಪರದೆಯ ಒಂದು ಭಾಗದಲ್ಲಿ ಬರಹ, ಇನ್ನೊಂದರಲ್ಲಿ ದೂರದಲ್ಲಿದ್ದ ಸಹೋದ್ಯೋಗಿಯ ಮುಖ. ಅಂದು ಮೌಸ್ ಕೂಡ ಮೊದಲ ಬಾರಿಗೆ ಜನರ ಕಣ್ಣಿಗೆ ಬಿದ್ದದ್ದರಿಂದ ಈ ಸೀಳುಪರದೆಯ ಸುದ್ದಿ ಹಿಂದೆ ಸರಿಯಿತು.

ಸಾಮಾನ್ಯ ಬಳಕೆದಾರನ ಮೇಜಿಗೆ ಗಾಜಿನ ಪರದೆ ಬಂದದ್ದು ನಿಧಾನವಾಗಿ. 1978ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿ ಹೊರತಂದ ವಿಟಿ-100 ಎಂಬ ಟರ್ಮಿನಲ್ ಎಲ್ಲರಿಗೂ ಮೇಲ್ಪಂಕ್ತಿಯಾಯಿತು. ಅದರಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಆ 80 ಎಂಬುದು 1928ರಲ್ಲಿ ಐಬಿಎಂ ರೂಪಿಸಿದ ತೂತಿನ ಕಾರ್ಡಿನ ಅಂಕಣಗಳ ಸಂಖ್ಯೆ. ಕಾರ್ಡು ಹೋಯಿತು, ಅದರ ಅಗಲ ಉಳಿಯಿತು. ವಿಶೇಷ ಸಂಕೇತ ಕಳಿಸಿದರೆ ಪರದೆಯ ಬೇಕಾದ ಮೂಲೆಗೆ ಹೋಗಿ ಬರೆಯುವ, ಒಂದು ಭಾಗವನ್ನಷ್ಟೇ ಮೇಲಕ್ಕೆ ಸರಿಸುವ ಶಕ್ತಿ ಈ ಟರ್ಮಿನಲ್ಲಿಗಿತ್ತು. ಅಕ್ಷರಗಳಲ್ಲೇ ಚೌಕ ಕಟ್ಟುವುದು ಸಾಧ್ಯವಾದದ್ದು ಇದರಿಂದ.

1987ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ‘ಸ್ಕ್ರೀನ್’ ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಇದರ ಉಪಾಯ ಹೀಗೆ. ಬಳಕೆದಾರನ ಟರ್ಮಿನಲ್ ಮತ್ತು ಅವನ ಕೆಲಸಗಳ ನಡುವೆ ‘ಸ್ಕ್ರೀನ್’ ಒಬ್ಬ ಮಧ್ಯಸ್ಥನಂತೆ ನಿಲ್ಲುತ್ತದೆ. ಕೆಲಸಗಳಿಗೆ ತಾನೇ ಒಂದು ವಿಟಿ-100 ಎಂಬಂತೆ ನಟಿಸುತ್ತದೆ. ಅವು ಬರೆದದ್ದನ್ನೆಲ್ಲ ತನ್ನ ನೆನಪಿನಲ್ಲಿಟ್ಟುಕೊಂಡು ನಿಜವಾದ ಪರದೆಗೆ ದಾಟಿಸುತ್ತದೆ. ಒಂದೇ ಟರ್ಮಿನಲ್ಲಿನಲ್ಲಿ ಹಲವು ಕೆಲಸಗಳ ನಡುವೆ ಓಡಾಡಲಿ ಎಂಬುದು ಮೊದಲ ಉದ್ದೇಶವಾಗಿತ್ತು. ಆದರೆ ಮಧ್ಯಸ್ಥನೊಬ್ಬ ಇದ್ದಾನೆಂದ ಮೇಲೆ ಇನ್ನೊಂದು ದಾರಿ ತಾನಾಗಿ ತೆರೆಯಿತು. ತಂತಿ ಕಡಿದರೆ ಹ್ಯಾಂಗಪ್ ಸಂಜ್ಞೆ ಬರುವುದು ಮಧ್ಯಸ್ಥನಿಗೆ. ಅವನು ಅದನ್ನು ಕೆಲಸಗಳಿಗೆ ತಿಳಿಸದೆ ಸುಮ್ಮನಿರಬಹುದಲ್ಲ? ಟರ್ಮಿನಲ್ಲನ್ನು ಬೇರ್ಪಡಿಸಿ ಮತ್ತೆ ಜೋಡಿಸುವ ಈ ಸೌಲಭ್ಯ ಬಿಡುಗಡೆಯ ನಂತರ ಸೇರಿಕೊಂಡಿತು. ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗುವಾಗ ಪಕ್ಕದ ಮನೆಯವರಿಗೆ ‘ಸ್ವಲ್ಪ ನೋಡ್ಕೊಳ್ಳಿ’ ಎಂದು ಹೇಳಿ ಹೋದಂತೆ ಎನ್ನಬಹುದು. 1990ರ ಸುಮಾರಿಗೆ ಇದರ ಹೊಣೆ ಎರ್ಲಾಂಗನ್ ವಿಶ್ವವಿದ್ಯಾಲಯದ ಯೂರ್ಗನ್ ವೈಗರ್ಟ್ ಮತ್ತು ಮೈಕಲ್ ಶ್ರೋಡರ್ ಅವರ ಕೈಗೆ ಬಂತು. ಪರದೆಯನ್ನು ಸೀಳುವ ಸೌಕರ್ಯ, ಒಂದೇ ಸೆಷನ್ನನ್ನು ಇಬ್ಬರು ನೋಡುವ ಸೌಕರ್ಯ ಅವರ ಕಾಲದ್ದು.

ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ತಿರುವು ಇದೇ. ಅಲ್ಲಿಯವರೆಗೆ ಕೆಲಸ ತಂತಿಗೆ ಸೇರಿತ್ತು. ಇನ್ನು ಮುಂದೆ ಕೆಲಸ ಯಂತ್ರದಲ್ಲೇ ನೆಲೆಸಿತು, ಮನುಷ್ಯ ಬಂದು ಹೋಗುವ ಅತಿಥಿಯಾದ.

ಬೆಂಗಳೂರಿಗೂ ಈ ತಂತಿಯ ಕಥೆಗೂ ನಂಟಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ಕೇಂದ್ರ ತೆರೆದಾಗ ಅಮೆರಿಕದೊಡನೆ ಮಾಹಿತಿ ವಿನಿಮಯಕ್ಕೆ ತನ್ನದೇ ಉಪಗ್ರಹ ಸಂಪರ್ಕ ಏರ್ಪಡಿಸಿಕೊಂಡಿತು. ಅದರ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಸಂಗತಿಯನ್ನು ನಗರದ ಐಟಿ ಇತಿಹಾಸ ಹೇಳುವವರು ಈಗಲೂ ಬಿಡುವುದಿಲ್ಲ. ಭೂಸ್ಥಿರ ಉಪಗ್ರಹ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದರ ಮೂಲಕ ದೂರದ ಯಂತ್ರದಲ್ಲಿ ಕೆಲಸ ಮಾಡುವವನು ಒಂದು ಕೀಲಿ ಒತ್ತಿದರೆ ಆ ಅಕ್ಷರ ಹೋಗಿ, ಯಂತ್ರದಿಂದ ಮರಳಿ ಪರದೆಯಲ್ಲಿ ಮೂಡಲು ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು. ಇನ್ನು 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿದಾಗ ಅನೇಕರಿಗೆ ದೊರೆತದ್ದು ‘ಶೆಲ್ ಖಾತೆ’. ಮೋಡೆಮ್ ಕಿರುಚಿ, ಫೋನ್ ಹತ್ತಿ, ನಿಗಮದ ಯೂನಿಕ್ಸ್ ಯಂತ್ರದೊಳಗೆ ಅಕ್ಷರರೂಪದಲ್ಲಿ ಕಾಲಿಡುವುದೇ ಅಂದಿನ ಇಂಟರ್‌ನೆಟ್. ಮನೆಯಲ್ಲಿ ಯಾರಾದರೂ ಇನ್ನೊಂದು ಕಡೆಯ ರಿಸೀವರ್ ಎತ್ತಿದರೆ ಮುಗಿಯಿತು, ಮತ್ತೆ ಡಯಲ್. ಯೂನಿಕ್ಸಿನ ಹ್ಯಾಂಗಪ್ ಸಂಜ್ಞೆಯ ಹೆಸರು ಅಕ್ಷರಶಃ ನಿಜವೆಂಬುದು ಆಗಿನವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ 1995ರಲ್ಲಿ ಫಿನ್ಲೆಂಡಿನಲ್ಲಿ ಇನ್ನೊಂದು ತೊಂದರೆಗೆ ಮದ್ದು ಸಿಕ್ಕಿತು. ದೂರದ ಯಂತ್ರ ಪ್ರವೇಶಿಸಲು ಅಲ್ಲಿಯವರೆಗೆ ಬಳಕೆಯಲ್ಲಿದ್ದ ಟೆಲ್ನೆಟ್ ಎಂಬ ಕ್ರಮದಲ್ಲಿ ಗುಪ್ತಪದವೂ ಬಿಚ್ಚಿಟ್ಟ ಅಂಚೆ ಕಾರ್ಡಿನಂತೆ ಸಾಗುತ್ತಿತ್ತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಅಂಥ ಗುಪ್ತಪದಗಳನ್ನು ಗುಡ್ಡೆಹಾಕಿದ್ದು ಬೆಳಕಿಗೆ ಬಂತು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಸಂಭಾಷಣೆಯನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ‘ಎಸ್‌ಎಸ್‌ಎಚ್’ ಕ್ರಮವನ್ನು ಬರೆದು ಜುಲೈ ತಿಂಗಳಲ್ಲಿ ಉಚಿತವಾಗಿ ಬಿಟ್ಟರು. ವರ್ಷ ಮುಗಿಯುವಷ್ಟರಲ್ಲಿ ಐವತ್ತು ದೇಶಗಳಲ್ಲಿ ಇಪ್ಪತ್ತು ಸಾವಿರ ಮಂದಿ ಅದನ್ನು ಬಳಸುತ್ತಿದ್ದರು. ಇಂದು ಸರ್ವರುಗಳ ಬಾಗಿಲಿಗೆ ಸರ್ವೇಸಾಮಾನ್ಯ ಬೀಗವೆಂದರೆ ಅದೇ.

ಬೆಂಗಳೂರಿನ ಆ ಯುವಕರು ಬಳಸುತ್ತಿದ್ದುದು ಸ್ಕ್ರೀನ್ ಅಲ್ಲ, ಅದರ ಕಿರಿಯ ಬಂಧು ‘ಟಿಮಕ್ಸ್’. ನಿಕೋಲಸ್ ಮ್ಯಾರಿಯಟ್ 2007ರಲ್ಲಿ ಇದನ್ನು ಬರೆಯಲು ತೊಡಗಿದರು. 2009ರಲ್ಲಿ ಓಪನ್‌ಬಿಎಸ್‌ಡಿ ವ್ಯವಸ್ಥೆಯ ಅಂಗವಾಯಿತು. ಇದಕ್ಕೆ ಆಜ್ಞೆ ಕೊಡಲು ಕಂಟ್ರೋಲ್ ಕೀಲಿಯೊಡನೆ ಬಿ ಒತ್ತಬೇಕು. ಸ್ಕ್ರೀನಿಗೆ ಎ ಒತ್ತಬೇಕಿತ್ತು. ಟಿಮಕ್ಸನ್ನು ಸ್ಕ್ರೀನಿನ ಒಳಗೆ ಕುಳಿತೇ ಬರೆದದ್ದರಿಂದ ಎರಡಕ್ಕೂ ಘರ್ಷಣೆಯಾಗದಿರಲೆಂದು ಬಿ ಆರಿಸಿದರಂತೆ. ಬಿ ಒತ್ತಿ ಶೇಕಡಾ ಚಿಹ್ನೆ ಒತ್ತಿದರೆ ಪರದೆ ಎಡಬಲವಾಗಿ ಸೀಳುತ್ತದೆ, ಉದ್ಧರಣ ಚಿಹ್ನೆ ಒತ್ತಿದರೆ ಮೇಲೆಕೆಳಗಾಗಿ. ಡಿ ಒತ್ತಿದರೆ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಬರಬಹುದು.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಟಿಮಕ್ಸನ್ನು ತನ್ನ ಲ್ಯಾಪ್‌ಟಾಪಿನಲ್ಲಿ ನಡೆಸಿ, ಒಂದೊಂದು ಚೌಕದಿಂದ ಒಂದೊಂದು ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೋದರೆ ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಜಾಲ ಕಡಿದರೆ ಸರ್ವರಿನ ಕೆಲಸಗಳಿಗೆ ಹಳೆಯ ಹ್ಯಾಂಗಪ್ಪೇ ಗತಿ. ಮಧ್ಯಸ್ಥನು ತಂತಿಯ ಈಚೆಗಿದ್ದು ಪ್ರಯೋಜನವಿಲ್ಲ, ಆಚೆಗಿರಬೇಕು. ಅದಕ್ಕಾಗಿ ಅನುಭವಿಗಳು ಮೊದಲು ದೂರದ, ಸದಾ ಚಾಲೂ ಇರುವ ಒಂದು ಯಂತ್ರಕ್ಕೆ ಹೋಗಿ, ಅಲ್ಲಿ ಟಿಮಕ್ಸ್ ಆರಂಭಿಸಿ, ಅಲ್ಲಿಂದ ಉಳಿದ ಸರ್ವರುಗಳಿಗೆ ಚೌಕಗಳನ್ನು ತೆರೆಯುತ್ತಾರೆ. ಅಂದು ಕರೆಂಟು ಹೋದಾಗ ನಾಲ್ಕೂ ಚೌಕಗಳು ಬದುಕಿದ್ದ ಗುಟ್ಟು ಇಷ್ಟೇ. ಹಾಗೆಂದು ಇದು ಸಂಜೀವಿನಿಯೂ ಅಲ್ಲ. ಮಧ್ಯಸ್ಥ ಕುಳಿತ ಯಂತ್ರವೇ ಆರಿ ಹತ್ತಿದರೆ ಚೌಕಗಳೆಲ್ಲ ಮಾಯ.

ತಂತಿ ಕಡಿಯದಿದ್ದರೂ ದೂರ ದೂರವೇ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿ ನೇರ ದಾರಿಯಲ್ಲೇ 13 ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಒತ್ತಿದ ಅಕ್ಷರ ಹೋಗಿಬರಲು ಕನಿಷ್ಠ ಸೆಕೆಂಡಿನ ಎಂಟನೇ ಒಂದು ಭಾಗ ಬೇಕೇ ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. ಇದಕ್ಕೆ 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೈನ್ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿದ ಹರಿ ಬಾಲಕೃಷ್ಣನ್ ‘ಮಾಶ್’ ಎಂಬ ಉಪಾಯ ತಂದರು. ಆಚೆಯ ಯಂತ್ರದ ಉತ್ತರಕ್ಕೆ ಕಾಯದೆ, ಏನು ಮೂಡಬಹುದೆಂದು ಇದು ಮೊದಲೇ ಊಹಿಸಿ ತೋರಿಸುತ್ತದೆ. ಊಹೆ ತಪ್ಪಿದರೆ ತಿದ್ದಿಕೊಳ್ಳುತ್ತದೆ.

ಯಾವ ಚೌಕದಲ್ಲಿದ್ದೇನೆ?

1961ರಲ್ಲಿ ಒಂದು ಯಂತ್ರ ತನ್ನ ಸಮಯವನ್ನು ಹಲವು ಮನುಷ್ಯರಿಗೆ ಹಂಚಿತು. ಈಗ ಒಬ್ಬ ಮನುಷ್ಯ ತನ್ನ ಗಮನವನ್ನು ಹಲವು ಯಂತ್ರಗಳಿಗೆ ಹಂಚುತ್ತಿದ್ದಾನೆ. ಯಂತ್ರ ಹಂಚುವಾಗ ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ಬೆರೆಯದಂತೆ ಕಟ್ಟುನಿಟ್ಟಾದ ಗೋಡೆಗಳಿದ್ದವು. ಮನುಷ್ಯನ ತಲೆಯಲ್ಲಿ ಅಂಥ ಗೋಡೆಯಿಲ್ಲ. ಚೌಕಗಳೆಲ್ಲ ಒಂದೇ ಕಪ್ಪು, ಅಕ್ಷರಗಳೆಲ್ಲ ಒಂದೇ ಬಿಳುಪು. ಟಿಮಕ್ಸಿನಲ್ಲಿ ಒಮ್ಮೆ ಟೈಪು ಮಾಡಿದ್ದನ್ನು ಎಲ್ಲ ಚೌಕಗಳಿಗೂ ಏಕಕಾಲಕ್ಕೆ ಕಳಿಸುವ ಸೌಲಭ್ಯವೂ ಇದೆ. ಹತ್ತು ಸರ್ವರುಗಳನ್ನು ಒಂದೇ ಏಟಿಗೆ ಸರಿಪಡಿಸಬಹುದು. ಕೆಡಿಸುವುದಕ್ಕೂ ಒಂದೇ ಏಟು ಸಾಕು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಡೆದದ್ದು ಈ ವೃತ್ತಿಯವರಿಗೆಲ್ಲ ಗೊತ್ತಿರುವ ಘಟನೆ. ಜಗತ್ತಿನ ಅಸಂಖ್ಯ ತಂತ್ರಾಂಶಗಳ ಮೂಲ ಬರಹವನ್ನು ಕಾಪಾಡುವ ಸಂಸ್ಥೆಯದು. ಮಾಹಿತಿಕೋಶಕ್ಕೆ ಎರಡು ಸರ್ವರುಗಳಿದ್ದವು, ಒಂದು ಅಸಲು, ಇನ್ನೊಂದು ನಕಲು. ಆ ರಾತ್ರಿ ನಕಲು ಹಿಂದೆ ಬಿದ್ದಿತ್ತು. ಹೊತ್ತುಗಟ್ಟಲೆ ಹೆಣಗಿದ ಎಂಜಿನಿಯರ್ ಒಬ್ಬರು ನಕಲಿನಲ್ಲಿದ್ದುದನ್ನು ಅಳಿಸಿ ಹೊಸದಾಗಿ ತುಂಬಲು ನಿರ್ಧರಿಸಿ ‘ಆರ್‌ಎಂ’ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡುಗಳಲ್ಲಿ ಅವರಿಗೆ ಹೊಳೆಯಿತು: ತಾವಿದ್ದದ್ದು ಅಸಲು ಸರ್ವರಿನ ಸೆಷನ್ನಿನಲ್ಲಿ. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಕಾಯ್ದಿಟ್ಟ ಪ್ರತಿಗಳನ್ನು ಹುಡುಕಿದರೆ ಹಲವು ಏರ್ಪಾಡುಗಳು ಕೆಲಸವನ್ನೇ ಮಾಡುತ್ತಿರಲಿಲ್ಲ. ಆರು ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟವಶಾತ್ ಸಿಕ್ಕಿತು. ನಡುವಿನ ಆರು ಗಂಟೆಗಳಲ್ಲಿ ಮಾಹಿತಿಕೋಶ ಸೇರಿದ್ದು ಮರಳಲಿಲ್ಲ.

ಮೆಚ್ಚಬೇಕಾದ್ದೆಂದರೆ, ಕಂಪನಿ ಯಾವುದನ್ನೂ ಮುಚ್ಚಿಡಲಿಲ್ಲ. ಎಂಜಿನಿಯರ ಹೆಸರನ್ನು ಬೀದಿಗೆ ತರದೆ, ಆದದ್ದನ್ನೆಲ್ಲ ಬರೆದು ಪ್ರಕಟಿಸಿತು. ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ನಂತರ ಕೈಗೊಂಡ ಕ್ರಮಗಳಲ್ಲಿ ದೊಡ್ಡ ದೊಡ್ಡವುಗಳ ನಡುವೆ ಒಂದು ಬಲು ಚಿಕ್ಕದು: ಪ್ರತಿ ಸರ್ವರಿನ ಪರದೆಯಲ್ಲಿ ಸಾಲಿನ ಆರಂಭದಲ್ಲಿ ಬರುವ ಹೆಸರು ಎದ್ದು ಕಾಣುವಂತೆ ಮಾಡುವುದು.

ಅಂದು ರಾತ್ರಿ ಹೊರಡುವ ಮುನ್ನ ಆ ಯುವಕರನ್ನು ಕೆಂಪು ತಲೆಬರಹದ ಬಗ್ಗೆ ಕೇಳಿದೆ. ‘ಅದು ಅಸಲಿ ಸರ್ವರ್. ಜನ ಈಗ ಬಳಸ್ತಾ ಇರೋದು ಅದನ್ನೇ. ಬೇರೆ ಮೂರು ಪರೀಕ್ಷೆಗೆ ಇಟ್ಟುಕೊಂಡಿರೋವು’ ಎಂದರು. ‘ಅದರಲ್ಲಿ ಏನೇ ಬರೆದರೂ ಎಂಟರ್ ಒತ್ತೋ ಮುಂಚೆ ಒಂದ್ಸಲ ಎರಡೂ ಕೈ ತೆಗೆದು ತೊಡೆ ಮೇಲೆ ಇಟ್ಕೋತೀನಿ. ಚೌಕದ ಹೆಸರು ಬಾಯಿಬಿಟ್ಟು ಓದ್ತೀನಿ. ಪಕ್ಕದಲ್ಲಿದ್ದವರು ನಗ್ತಾರೆ, ನಗಲಿ.’